ಗೋಡೆಯ ಮೇಲೆ ಕೆಂಪಾದ ಹೆಸರು

ತ್ಯಾಮಗೊಂಡ್ಲು ಹತ್ತಿರದ ನಮ್ಮೂರಿನ ಹಾಲಿನ ಡೈರಿಗೆ ಗೋಡೆಯಗಲದ ಪರದೆ ಹಾಕಿಸಿದವನು ನಾನು. ಯೂನಿವರ್ಸಿಟಿಯಲ್ಲಿ ಡಿಸೈನ್ ಓದಿದ್ದೆ. ಎಲ್ಲವೂ ಎಲ್ಲರಿಗೂ ಕಂಡರೆ ಮೋಸ ನಿಲ್ಲುತ್ತದೆ ಎಂದು ನಂಬಿದ್ದೆ. ಅಲ್ಲಿಯವರೆಗೆ ಸೆಕ್ರೆಟರಿ ಹಾಲಿನ ಫ್ಯಾಟ್ ನೋಡಿ, ಅವರವರ ಪಾಸ್‌ಬುಕ್ಕಿನಲ್ಲಿ ಬರೆದು ಮಡಚಿ ಕೊಡುತ್ತಿದ್ದರು. ಪರದೆ ಬಂದ ಮೇಲೆ ಹಾಲು ಸುರಿದ ಕೂಡಲೇ ಹೆಸರೂ ಫ್ಯಾಟೂ ಗೋಡೆಯ ಮೇಲೆ. ಕಡಿಮೆ ಬಂದರೆ ಹೆಸರು ಕೆಂಪು. ಆ ಬಣ್ಣ ಆಯ್ದುಕೊಂಡಿದ್ದೂ ನಾನೇ.

ಮೊದಲ ವಾರವೇ ನಮ್ಮ ಬೀದಿಯ ಅಜ್ಜಿಯೊಬ್ಬಳ ಹೆಸರು ದಿನವೂ ಕೆಂಪಾಗತೊಡಗಿತು.

"ಏನಜ್ಜಿ, ಹಸು ಕಟ್ಟಿದ್ದೀಯೋ ಬೋರ್‌ವೆಲ್ ಕಟ್ಟಿದ್ದೀಯೋ?" ಎಂದ ಸಾಲಿನಲ್ಲಿದ್ದವನೊಬ್ಬ. ಎಲ್ಲರೂ ನಕ್ಕರು.

"ನೀರು ಹಾಕಿದ್ರೆ ನನ್ ಕೈ ಸೇದೋಗ್ಲಿ ಕಣೋ. ಕಡೇ ಹಾಲು ಕರೂಗೆ ಬಿಡ್ತೀನಿ. ನಮ್ಮತ್ತೆ ಕಾಲ್ದಿಂದ್ಲೂ ಹಂಗೇ."

ಕೆಚ್ಚಲಿನ ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದು ನನಗೆ ಗೊತ್ತಿತ್ತು. ಅಜ್ಜಿ ಹೇಳುವುದು ನಿಜ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಕ್ಕವರಲ್ಲಿ ನಾನೂ ಇದ್ದೆನೇ? ಇರಲಿಲ್ಲ ಎಂದು ಆಣೆ ಮಾಡಲಾರೆ.

ಮೂರು ದಿನದ ನಂತರ ಅಜ್ಜಿಯ ಹೆಸರು ಹಸಿರಾಯಿತು. ಅವಳು ನನ್ನ ಕಡೆ ತಿರುಗಿ, "ಕರೂಗೆ ಬಿಡ್ಲಿಲ್ಲ ಕಣಪ್ಪಾ, ಪೂರಾ ಹಿಂಡ್ಕೊಂಡ್ಬಂದೆ. ನಿನ್ ಮಿಷನ್‌ಗೆ ಸಮಾಧಾನ ಆಯ್ತಾ?" ಎಂದಳು.

"ಬೇಡಜ್ಜಿ, ಕರೂಗೆ ಬಿಡು" ಎಂದು ನಾನು ಆ ಕ್ಷಣವೇ ಪರದೆ ಆರಿಸಿದೆ. ಆಮೇಲಿನ ಇಷ್ಟು ವರ್ಷಗಳಲ್ಲಿ ಸ್ನೇಹಿತರಿಗೆ ಹಲವು ಸಲ ಹೀಗೇ ಹೇಳಿದ್ದೇನೆ. ಹೋದ ತಿಂಗಳು ಸೆಕ್ರೆಟರಿಯ ಮುಂದೆಯೂ ಹೇಳಿದೆ.

"ನೀನೆಲ್ಲಪ್ಪಾ ಆರಿಸ್ದೆ? 'ನೋಡಿ, ಹಾಲು ಹೆಂಗೆ ಸುಧಾರಿಸ್ತು' ಅಂತ ಫೋಟೋ ಹೊಡ್ಕೊಂಡ್ಯಲ್ಲಾ!" ಎಂದರು ಅವರು.

ಫೋನಿನಲ್ಲಿ ಹುಡುಕಿದೆ. ಫೋಟೋ ಇತ್ತು. ಮೇಲೆ ಹಸಿರು ಹೆಸರು, ಕೆಳಗೆ ಮುಖ ತಿರುಗಿಸಿದ ಅಜ್ಜಿ.

ಪರದೆಯಲ್ಲಿ ಯಾರ ಹೆಸರೂ ಕಾಣದಂತೆ ಮಾಡಿಸಿ ಅವಳ ಮನೆಗೆ ಹೋದೆ. ಕೊಟ್ಟಿಗೆ ಗುಡಿಸುತ್ತಿದ್ದಳು. ಈ ಸಲದ ಕರು ಗೂಟದಲ್ಲಿತ್ತು.

"ಇನ್ಮೇಲೆ ಕರೂಗೆ ಬಿಡಬಹುದಜ್ಜಿ, ಯಾರಿಗೂ ಕಾಣಲ್ಲ" ಎಂದೆ.

ಅವಳು ಪೊರಕೆ ನಿಲ್ಲಿಸಲಿಲ್ಲ. "ಬುಡಪ್ಪಾ. ಗೋಡೆ ಮೇಲೆ ಕಾಣ್ದಿದ್ರೂ ಸುದ್ದಿ ಹಬ್ಬುತ್ತೆ. ಮತ್ತೆ ಫ್ಯಾಟ್ ಇಳಿದ್ರೆ, ಮುದುಕಿ ಆಗ್ಲೂ ನೀರೇ ಹಾಕ್ತಿದ್ಲು ಅಂತಾರೆ."