ಅವ್ವನ ರಾಟಿಯ ಹಗುರ ಗಾಲಿ

ಮೊನ್ನೆ ಮೊಮ್ಮಗಳು ಶ್ರುತಿ ತನ್ನ ರೇಸಿನ ಸೈಕಲ್ಲಿಗೆ ಕೊಲ್ಹಾಪುರದಿಂದ ಹೊಸ ಗಾಲಿಗಳನ್ನು ತಂದಳು. ಒಂದನ್ನು ನನ್ನ ಮುಂದೆ ಹಿಡಿದು, "ಎರಡ ಬೆರಳಾಗ ಎತ್ತ ನೋಡೋಣು, ಆಯೀ" ಎಂದಳು. ಎತ್ತಿದೆ. ಚಹದ ಬಸಿ ಎತ್ತಿದರೂ ನೋಯುವ ನನ್ನ ಕೈಗೆ ಏನೂ ಅನ್ನಿಸಲಿಲ್ಲ. ಅವಳು ಗಾಲಿಯನ್ನು ತಿರುಗಿಸಿಬಿಟ್ಟಳು. ಟಿಕ್ ಟಿಕ್ ಟಿಕ್ ಎಂಬ ಆ ಸದ್ದು ಕೇಳಿದ್ದೇ ಕೈ ಅಡ್ಡ ಹಿಡಿದು ನಿಲ್ಲಿಸಿದೆ. "ಯಾಕ, ಏನಾತು?" ಎಂದಳು. "ಏನಿಲ್ಲ, ಭಾಳ ಹಗುರ ಐತಿ" ಎಂದೆ. ಅದನ್ನವಳು ಹೊಗಳಿಕೆ ಎಂದುಕೊಂಡು ಒಳಗೆ ಹೋದಳು.

ಅವಳಿಗೆ ಹೇಳಹೋದರೆ ಮೊಬೈಲ್ ನೋಡುತ್ತ ಹೂಂಗುಡುತ್ತಾಳೆಂದು ಆಗ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಕೇಳಿ. ನಡುವೆ ದಾರಿ ತಪ್ಪಿದರೆ ಬೈಯಬೇಡಿ, ವಯಸ್ಸಾದವರ ಮಾತು ಎಡಕ್ಕೂ ಬಲಕ್ಕೂ ಎಳೆಯುವ ಎತ್ತಿನ ಹಾಗೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಇಚಲಕರಂಜಿಯಲ್ಲಿತ್ತು. ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ ಪಡಸಾಲೆಯಲ್ಲಿ ಕೂತು ರಾಟಿ ತಿರುಗಿಸಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನ ಅಣ್ಣ ಮಲ್ಲೂ ಪಾವರ್‌ಲೂಮಿನ ಕೆಲಸಗಾರ. ಆದರೆ ಅವನ ಜೀವವೆಲ್ಲ ಸೈಕಲ್ ರೇಸಿನಲ್ಲಿತ್ತು. ಕೊಲ್ಹಾಪುರದ ಕಡೆ ಕುಸ್ತಿಗೆ ಹುಚ್ಚಾಗುವವರು ಒಂದು ಮಂದಿ, ಸೈಕಲ್ಲಿಗೆ ಹುಚ್ಚಾಗುವವರು ಇನ್ನೊಂದು ಮಂದಿ. ನಮ್ಮನೆಗೆ ಎರಡನೆಯ ಹುಚ್ಚು ಬಂದಿತ್ತು.

ರೇಸಿನ ಹುಡುಗರೆಲ್ಲ ಸಂಜೆ ನಮ್ಮ ಕಟ್ಟೆಯ ಮೇಲೆ ಸೇರುತ್ತಿದ್ದರು. ಮಾತೆಂದರೆ ಗಾಲಿಯ ಮಾತು. ಕಬ್ಬಿಣದ ರಿಮ್ಮು ಗಟ್ಟಿ, ಆದರೆ ಏರು ಬಂದರೆ ಎದೆ ಒಡೆಯುತ್ತದೆ ಎಂದು ಒಬ್ಬ. ಅಲ್ಯೂಮಿನಿಯಂ ರಿಮ್ಮು ಏರನ್ನು ತಾನೇ ಹತ್ತುತ್ತದೆ, ಆದರೆ ಉತ್ತೂರಿನ ಕಲ್ಲುದಾರಿಯಲ್ಲಿ ಹಪ್ಪಳದ ಹಾಗೆ ಮಡಚಿಕೊಳ್ಳುತ್ತದೆ ಎಂದು ಇನ್ನೊಬ್ಬ. ಹಗುರವೂ ಗಟ್ಟಿಯೂ ಆದ ಗಾಲಿ ಎಲ್ಲಿಯಾದರೂ ಉಂಟೇ ಎಂದು ಜಗಳ. ಅಂಥದೊಂದು ಜೋಡಿ ಅಣ್ಣನಿಗೆ ಸಿಕ್ಕಿತು. ಕೊಲ್ಹಾಪುರದ ಹಳೆಯ ರೇಸುಗಾರನೊಬ್ಬ ಸೈಕಲ್ ಬಿಟ್ಟು ಹೊಲಕ್ಕೆ ಇಳಿದಾಗ ತನ್ನ ವಿಲಾಯತಿ ಗಾಲಿಗಳನ್ನು ಇವನಿಗೆ ಕೊಟ್ಟುಬಿಟ್ಟ. ಅಣ್ಣ ಕಟ್ಟೆಯ ಮೇಲಿಂದ ಗಾಲಿಯನ್ನು ಕಲ್ಲಿನ ಮೇಲೆ ಬೀಳಿಸಿ, ಎತ್ತಿ ಟಿಕ್ ಟಿಕ್ ಎಂದು ತಿರುಗಿಸಿ, "ನೋಡ್ರಿ, ಕೂದಲಷ್ಟು ಸೊಟ್ಟ ಆಗಿಲ್ಲ" ಎನ್ನುತ್ತಿದ್ದ. ಅವ್ವ ಒಳಗಿನಿಂದ, "ಹೆಂಡ್ತಿನ್ನರ ಹಿಂಗ ನೋಡ್ಕೋತಿಯೋ ಇಲ್ಲೋ ಮಾರಾಯಾ" ಎಂದು ನಗುತ್ತಿದ್ದಳು. ಹೆಣ್ಣು ಗೊತ್ತಾಗಿತ್ತು. ದೀಪಾವಳಿ ಮುಗಿದ ಮೇಲೆ ಲಗ್ನ ಎಂದು ಮಾತಾಗಿತ್ತು.

ಆ ಗಾಲಿ ಹಾಕಿಕೊಂಡು ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ರೇಸು ಹೋದ. ಊರು ಮುಟ್ಟುವಾಗ ಮುಂದಿನವರ ಜೊತೆಗೇ ಇದ್ದನಂತೆ. ಹಿರಣ್ಯಕೇಶಿ ಹೊಳೆಯ ಹತ್ತಿರ ಗಾಡಿಗಳಿಂದ ಉದುರಿದ ಕಬ್ಬಿನ ರವದಿ, ಒಣಗಿದ ಸೋಗೆ, ರಸ್ತೆ ತುಂಬ ಬಿದ್ದಿತ್ತು, ಸಗಣಿಯೂ ಇತ್ತು. ಜಾರಿ ಬಿದ್ದ. ನೋಡಲು ನಿಂತವರೆಲ್ಲ "ಚಾಕ ಬಘಾ ರೇ, ಚಾಕ!" ಎಂದು ಕೂಗಿದರಂತೆ, ಗಾಲಿ ನೋಡ್ರೋ ಎಂದು. ಅಣ್ಣನೂ ಮೊದಲು ನೋಡಿದ್ದು ಗಾಲಿಯನ್ನೇ. ಸರಿ ಇತ್ತು. ಹತ್ತಿ ಮತ್ತೆ ತುಳಿದ, ಆದರೆ ಹಿಂದೆ ಉಳಿದು ಸೋತ.

ಮನೆಗೆ ಬಂದವನು ಹೊಸ್ತಿಲಲ್ಲೇ, "ಅವ್ವಾ, ಗಾಲಿಗೇನೂ ಆಗಿಲ್ಲ" ಎಂದ. ಮೊಣಕಾಲು ಕೆತ್ತಿತ್ತು. ದೊಡ್ಡ ಗಾಯವೇನಲ್ಲ. ಅವ್ವ ಅರಿಶಿನ ಹಚ್ಚಿದಳು. ಅವನು ಕೂತು ಗಾಲಿಯ ಕಡ್ಡಿ ಕಡ್ಡಿಯ ನಡುವಿನ ಸಗಣಿಯನ್ನು ಅರಿವೆಯಿಂದ ಒರೆಸಿದ. ಮೊಣಕಾಲನ್ನು ಅಷ್ಟು ಒರೆಸಲಿಲ್ಲ.

ವಾರ ಕಳೆದಿತ್ತು. ಗಾಯ ಒಣಗಿತ್ತು. ಊಟಕ್ಕೆ ಕೂತವನು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಡುತ್ತಿದ್ದ, ಬಾಯಿಗೆ ಹಾಕಲೊಲ್ಲ. "ಸೋತ ಸಿಟ್ಟ ರೊಟ್ಟಿ ಮ್ಯಾಲ ಯಾಕೋ ಮಲ್ಲೂ?" ಎಂದಳು ಅವ್ವ. ಅವನು ಹಲ್ಲು ಕಚ್ಚಿಕೊಂಡೇ ಮಾತಾಡಿದ, "ಬಾಯಿ ತೆರ್ಯಾಕ ಬರವಲ್ದವ್ವಾ." ನಾಟಕ ಮಾಡುತ್ತಾನೆಂದು ಎಲ್ಲರೂ ನಕ್ಕೆವು. ಅವ್ವ ತಾಟು ಮುಚ್ಚಿಟ್ಟು, "ಬಿಡ್ರಿ ಅವನ್ನ. ಹಸದ್ರ ತಾನ ತೆರೀತೈತಿ" ಎಂದಳು.

ತೆರೆಯಲಿಲ್ಲ. ಮರುದಿನ ಬೆನ್ನು ಬಿಲ್ಲಿನಂತೆ ಸೆಟೆಯಿತು. ಕೊಲ್ಹಾಪುರದ ದವಾಖಾನೆಗೆ ಒಯ್ದರು. ಧನುರ್ವಾತ ಎಂದರು, ತಡ ಆಯ್ತು ಎಂದರು. ಬೆಳಕು ಬಿದ್ದರೂ, ಪಾತ್ರೆ ಸದ್ದಾದರೂ ಮೈ ಸೆಟೆಯುತ್ತದೆಂದು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಅವ್ವ ಬಾಗಿಲ ಹೊರಗೆ ಬಳೆ ತೆಗೆದಿಟ್ಟು ಕೂತಳು, ಸದ್ದಾಗಬಾರದೆಂದು. ಅಣ್ಣ ಮತ್ತೆ ಬಾಯಿ ತೆರೆಯಲೇ ಇಲ್ಲ. ಹಸಿದೇ ಹೋದ.

ಅಪ್ಪ ಆ ಗಾಲಿಗಳನ್ನು ಪಂಚಗಂಗೆ ಹೊಳೆಗೆ ಎಸೆಯಲು ಎತ್ತಿಕೊಂಡ. ಅವ್ವ ಒಂದನ್ನು ಕಸಿದುಕೊಂಡಳು. ನಮ್ಮೂರಿನಲ್ಲಿ ಹಳೆಯ ಸೈಕಲ್ ಗಾಲಿಯನ್ನು ರಾಟಿಗೆ ಹಾಕುವುದು ರೂಢಿ. ತನ್ನ ರಾಟಿಯ ಕಬ್ಬಿಣದ ಗಾಲಿ ತೆಗೆಸಿ ಇದನ್ನು ಹಾಕಿಸಿದಳು. ಆದರೆ ದಾರಿಗೆ ಒಳ್ಳೆಯದಾದದ್ದು ರಾಟಿಗೆ ಕೆಟ್ಟದ್ದು. ಭಾರದ ಗಾಲಿಯನ್ನು ಒಮ್ಮೆ ನೂಕಿದರೆ ಕೈಬಿಟ್ಟ ಮೇಲೂ ಓಡುತ್ತದೆ. ಹಗುರ ಗಾಲಿ ಕೈ ನಿಂತ ಕೂಡಲೇ ನಿಲ್ಲುತ್ತದೆ. ಅವ್ವನ ಕೈ ಬಾತು ಹೋಯಿತು. ಪಕ್ಕದ ಮನೆಯ ಗಂಗಕ್ಕ ನೋಡಲಾರದೆ, "ವಜ್ಜಾ ಗಾಲಿ ಹಾಕ್ಕೋಳ್ರೀ ಯಕ್ಕಾ, ತಾನ ತಿರಗತೈತಿ" ಎಂದಳು.

"ತಾನ ಆಗೂದು ಯಾವದೂ ಬ್ಯಾಡ ನನಗ" ಎಂದಳು ಅವ್ವ.

ಬದುಕಿರುವವರೆಗೂ ಅದನ್ನೇ ತಿರುಗಿಸಿದಳು. ಅವಳ ಕೈ ಹೋಯಿತು, ಅವಳೂ ಹೋದಳು, ಗಾಲಿ ಸೊಟ್ಟಾಗಲಿಲ್ಲ. ಇನ್ನೊಂದು ರೂಢಿ ಬಿಟ್ಟುಹೋದಳು. ನಮ್ಮ ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಊಟ ಬಿಟ್ಟರೆ ಅವ್ವ ಗದ್ದ ಹಿಡಿದು "ಬಾಯಿ ತೆರಿ" ಎನ್ನುತ್ತಿದ್ದಳು. ಒಳಗೆ ನೋಡಿದ ಮೇಲೇ ಬಿಡುತ್ತಿದ್ದಳು. ನನ್ನ ಗಂಡ ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪಿಲ್ಲವೆಂದು ಮುಖ ಊದಿಸಿದಾಗ ನಾನೂ ಹಾಗೇ ಅಂದೆ. ಪಾಪ, ಎಂಥ ಹುಚ್ಚಿಯನ್ನು ಕಟ್ಟಿಕೊಂಡೆನೋ ಎಂದು ಹೆದರಿದ್ದರು.

ನಿನ್ನೆ ಶ್ರುತಿ ಹೊಸ ಗಾಲಿಯಲ್ಲಿ ಹೋಗಿ ಮೊಣಕೈ ಕೆತ್ತಿಸಿಕೊಂಡು ಬಂದಳು. ಬಾಗಿಲಲ್ಲೇ, "ಆಯೀ, ಗಾಲಿಗೇನೂ ಆಗಿಲ್ಲ!" ಎಂದಳು.

"ಸುಡ್ಲಿ ನಿನ್ನ ಗಾಲಿ!" ಎಂದು ಕೂಗಿದೆ. ಸೈಕಲ್ಲನ್ನು ಅಲ್ಲೇ ಬಿಡಿಸಿ, ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಗಾಯ ತೊಳೆಸಿ, ಸೂಜಿ ಹಾಕಿಸಿಯೇ ಬಂದದ್ದು. ಮಂದಿಯ ಮುಂದೆ ಮಾನ ಕಳೆದೆನೆಂದು ಹುಡುಗಿಗೆ ಸಿಟ್ಟು. ರಾತ್ರಿ ತಾಟು ದೂಡಿದಳು.

"ಬಾಯಿ ತೆರಿ."

"ಸಾಕ ಮಾಡ ಆಯೀ. ಸಣ್ಣಾಕಿ ಇದ್ದಾಗಿಂದ ಇದ ಕೇಳಾಕತ್ತೇನಿ. ಏನೈತಿ ನನ್ನ ಬಾಯಾಗ?"

ಆಗ ಹೇಳಿದೆ. ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮೊಬೈಲನ್ನು ಬೋರಲು ಹಾಕಿ ಕೇಳಿದಳು. ಮುಗಿದ ಮೇಲೆ ಹತ್ತಿರ ಸರಿದು ಕೂತು, ದೊಡ್ಡದಾಗಿ ಬಾಯಿ ತೆರೆದಳು. ಕಿರುನಾಲಿಗೆ ಕಾಣುವಷ್ಟು. ಗದ್ದ ಹಿಡಿದು ನೋಡುತ್ತಲೇ ಕೂತೆ.