ಓಲ್ಶಾನ್ಕಾ ಗೇಟಿನ ಸೆವೆರಿನ್ ಕುಲಿಗ್

ಸೆವೆರಿನ್ ಕುಲಿಗ್ ಮೊದಲ ಸಲ ಪೋಲೆಂಡಿನ ಆ ಊರಿನ ಕೋರ್ಟಿಗೆ ಬಂದದ್ದು 2020ರ ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ. ಹೊರಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ಲಿಯೊಕಾಡಿಯಾಳಿಗೆ ಹೊತ್ತು ನೆನಪಿರಲು ಕಾರಣವಿದೆ. ಆ ದಿನ ಅವಳ ಕಟ್ಟೆಯ ಮೇಲೆ ಬಂದು ಬಿದ್ದ ಮೊದಲ ಕೋಟು ಅವನದೇ.

ಕೋರ್ಟಿನ ಒಳಬಾಗಿಲ ಎಡಕ್ಕೆ ಕೋಟು ಇರಿಸಿಕೊಳ್ಳುವ ಜಾಗ. ಅರವತ್ತು ಗೂಟ, ನಂಬರು ಹಾಕಿದ ಅರವತ್ತು ತಗಡಿನ ಬಿಲ್ಲೆ. ಗಂಡ ತೀರಿಕೊಂಡ ಮರುವರ್ಷದಿಂದ, ಅಂದರೆ ಹದಿನಾರು ವರ್ಷದಿಂದ, ಲಿಯೊಕಾಡಿಯಾ ಅಲ್ಲಿ ಕೂತವಳು. ಎಲ್ಲರ ಬಾಯಲ್ಲಿ ಅವಳು ಲೋದ್ಯಕ್ಕ. ಅವಳ ಓದು ನಾಲ್ಕನೆಯ ತರಗತಿಗೇ ನಿಂತಿತ್ತು. ಆದರೆ ಒಬ್ಬರ ಕೋಟನ್ನು ಇನ್ನೊಬ್ಬರಿಗೆ ಕೊಟ್ಟದ್ದು ಒಂದು ಸಲವೂ ಇಲ್ಲ.

ಬಂದವನು ರೈಲ್ವೆಯ ಕಡುನೀಲಿ ಕೋಟು ಬಿಚ್ಚಿ ಇಟ್ಟ. ಅವಳು ಕೊರಳಪಟ್ಟಿಯ ಒಳಗೆ ಬೆರಳಾಡಿಸಿದಳು. ನೇತುಹಾಕುವ ಕುಣಿಕೆ ಇರಲಿಲ್ಲ.

“ಏನ್ ಯಜಮಾನ್ರೇ, ಕುಣಿಕೆ ಇಲ್ದಿರೋ ಕೋಟು ತಂದಿದೀರಿ. ಇದನ್ನ ಎಲ್ಲಿಗೆ ನೇತುಹಾಕ್ಲಿ, ನನ್ನ ಮೂಗಿಗಾ?”

“ಕಿತ್ತೋಯ್ತಮ್ಮ. ಹೊಲಿಯೋರಿಲ್ಲ.”

“ಹೆಂಡ್ತಿ?”

“ಮುದುಕರನ್ನ ನೋಡ್ಕೊಳ್ಳೋ ಕೆಲ್ಸಕ್ಕೆ ಅಂತ ಜರ್ಮನಿಗೆ ಹೋದ್ಳು. ಅಲ್ಲೇ ಒಬ್ಬ ಮುದುಕನ್ನ ಕಾಯಂ ಮಾಡ್ಕೊಂಡ್ಳು.”

ಬಾಗಿಲಲ್ಲಿ ಜನರ ಚೀಲ ತಪಾಸಣೆ ಮಾಡುವ ಕಾವಲುಗಾರ ಜೆನೊನ್ ಗೊಳ್ಳನೆ ನಕ್ಕ. ಬಂದವನು ನಗಲಿಲ್ಲ. ಏಳನೆಯ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ಮೆಟ್ಟಿಲನ್ನು ಒಂದೊಂದಾಗಿ ಎಣಿಸುವವನಂತೆ ಹತ್ತಿ ಹೋದ. ಅವನು ಕೆಳಗಿಳಿದು ಬರುವಷ್ಟರಲ್ಲಿ ಲಿಯೊಕಾಡಿಯಾ ಕರಿ ಪಟ್ಟಿಯ ತುಂಡೊಂದನ್ನು ಕೋಟಿಗೆ ಹೊಲಿದಿದ್ದಳು. ಅಂಥದ್ದಕ್ಕೆಂದೇ ಅವಳ ಡಬ್ಬಿಯಲ್ಲಿ ಸೂಜಿ ದಾರ ಸದಾ ಇರುತ್ತಿತ್ತು.

ಅವನ ಕಥೆ ಅವಳಿಗೆ ತಿಳಿದದ್ದು ಒಂದೇ ದಿನದಲ್ಲಲ್ಲ, ಅವನು ಬಂದುಹೋದ ಮೂವತ್ತೊಂದು ಸಲದಲ್ಲಿ, ಕೋಟು ಕೊಟ್ಟು ತೆಗೆದುಕೊಳ್ಳುವ ಸಂದಿಯಲ್ಲಿ. ಓಲ್ಶಾನ್ಕಾ ಊರಾಚೆಯ ರೈಲ್ವೆ ಗೇಟಿನಲ್ಲಿ ಅವನಪ್ಪ ಗೇಟು ಕಾಯುತ್ತಿದ್ದ, ಆಮೇಲೆ ಅವನು ಮೂವತ್ತೊಂದು ವರ್ಷ ಕಾಯ್ದ. ಇಟ್ಟಿಗೆಯ ಒಂದು ಗೂಡು, ಒಳಗೆ ಕಬ್ಬಿಣದ ಒಲೆ, ಗೋಡೆಗೆ ಫೋನು. ಹಿಂದಿನ ನಿಲ್ದಾಣದಿಂದ ರೈಲು ಬಿಟ್ಟಿತೆಂದು ಫೋನು ಬಂದರೆ, ಹೊತ್ತು ಬರೆದುಕೊಂಡು ಹೊರಗೆ ಹೋಗಿ ಹಿಡಿಕೆ ತಿರುಗಿಸಬೇಕು. ಇಪ್ಪತ್ತೆರಡು ಸುತ್ತು. ತಂತಿ ಎರಡೂ ಕಡೆಯ ಗೇಟನ್ನು ಕೆಳಗೆಳೆದು ಹಿಡಿಯುತ್ತದೆ. ವಾಸವೂ ಅಲ್ಲೇ, ಗೂಡಿನ ಹಿಂದೆ ಕುಂಬಳದ ಬಳ್ಳಿ ಹಬ್ಬಿಸಿ, ಆರು ಕೋಳಿ ಸಾಕಿದ್ದ. ಎಂದೂ ರಜೆ ಹಾಕಿದವನಲ್ಲ. ಊರಿನವರಿಗೆ ಅವನು ಒಂದು ಗಡಿಯಾರವಿದ್ದಂತೆ, ಇದ್ದಾನೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ.

2018ರ ಜುಲೈ ಹತ್ತೊಂಬತ್ತರಂದು ಸಂಜೆ ಐದಕ್ಕೆ ಎಂಟು ನಿಮಿಷ ಇರುವಾಗ, ಕಿಂಗಾ ಎಂಬ ಇಪ್ಪತ್ತನಾಲ್ಕರ ಹುಡುಗಿ ಸೈಕಲ್ಲಿನಲ್ಲಿ ಚೆರ್ರಿ ಹಣ್ಣಿನ ಬುಟ್ಟಿ ಕಟ್ಟಿಕೊಂಡು ಹಳಿ ದಾಟುತ್ತಿದ್ದಳು. ರೈಲು ಬಂತು. ಜನ ಓಡಿಬಂದು ನೋಡಿದಾಗ ಅವಳ ಕಡೆಯ ಗೇಟು ಮೇಲೆದ್ದು ನಿಂತಿತ್ತು. ಸೆವೆರಿನ್ ಹೇಳಿದ್ದು, ತಾನು ಇಪ್ಪತ್ತೆರಡು ಸುತ್ತೂ ತಿರುಗಿಸಿ ಇಳಿಸಿದ್ದೆ, ಸವೆದ ತಂತಿ ಜಾರಿ, ಬುಡದ ತೂಕಕ್ಕೆ ಗೇಟು ತಾನಾಗಿ ಮೇಲೆದ್ದಿತು, ಆ ತಂತಿ ಬದಲಿಸಿ ಎಂದು ಮೂರು ಸಲ ಮೇಲಿನವರಿಗೆ ಬರೆದಿದ್ದೆ ಎಂದು. ಸರ್ಕಾರಿ ವಕೀಲ ಹೇಳಿದ್ದು, ಅವನು ಮರೆತು ಕೂತಿದ್ದ ಎಂದು. ಕಿಂಗಾಳ ತಾಯಿ ಬೊಗುಮಿಲಾಳ ಮನೆ ಅವನ ಗೂಡಿನಿಂದ ನಾನ್ನೂರು ಹೆಜ್ಜೆ. ಅವಳು ಅವನನ್ನು ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಆಡಿದ್ದಳು: “ಕೋರ್ಟು ಏನ್ ಹೇಳುತ್ತೋ ಅದನ್ನ ನಾನು ಒಪ್ಕೋತೀನಿ, ಕುಲಿಗ್. ಅಲ್ಲೀವರ್ಗೂ ನನ್ನ ಎದುರಿಗೆ ಬರ್ಬೇಡ.”

ಅವನಿಗೆ ಜೈಲಿನ ಹೆದರಿಕೆ ಇದ್ದಂತೆ ಲಿಯೊಕಾಡಿಯಾಳಿಗೆ ಎಂದೂ ಕಾಣಲಿಲ್ಲ. ಗೇಟು ಇಳಿದಿತ್ತು ಎಂದು ಒಬ್ಬ ಜಡ್ಜು ಗಟ್ಟಿಯಾಗಿ ಹೇಳಬೇಕು, ಅದನ್ನು ಬೊಗುಮಿಲಾ ಕೇಳಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ವಾಯಿದೆಯ ದಿನ ಇಬ್ಬರೂ ಬರುತ್ತಿದ್ದರು. ಲಿಯೊಕಾಡಿಯಾ ಅವನ ಕೋಟನ್ನು ಏಳಕ್ಕೆ, ಬೊಗುಮಿಲಾಳದನ್ನು ಐವತ್ತೆರಡಕ್ಕೆ ಹಾಕುತ್ತಿದ್ದಳು. ತೋಳಿಗೆ ತೋಳು ತಾಗಬಾರದೆಂದು.

ಮೊದಲು ಕೇಸು ಹಿಡಿದದ್ದು ನರೆಗೂದಲಿನ ಹಿರಿಯ ಜಡ್ಜಮ್ಮ. ನಡುವೆ ಕೊರೊನಾ ಬಂದು ವರ್ಷವೊಂದು ಕಳೆಯಿತು. ಆದರೂ ಆಕೆ ಹನ್ನೊಂದು ಸಾಕ್ಷಿ ಕೇಳಿದರು, ತಂತಿಯ ತುಂಡನ್ನು ಮೇಜಿನ ಮೇಲಿಟ್ಟು ತಾವೇ ಮುಟ್ಟಿ ನೋಡಿದರು. 2021ರ ಅಕ್ಟೋಬರಿನಲ್ಲಿ ತೀರ್ಪೊಂದೇ ಬಾಕಿ. ಆ ಬೆಳಗ್ಗೆ ಸೆವೆರಿನ್ ಹೊಸ ಅಂಗಿ ತೊಟ್ಟು ಬಂದ. ಬಾಗಿಲಲ್ಲೇ ಜೆನೊನ್ ತಡೆದ.

“ಹೋಗಿ ಮನೆಗೆ, ಕುಲಿಗ್. ಜಡ್ಜಮ್ಮನ್ನ ಅಮಾನತು ಮಾಡಿದಾರೆ.”

“ಅವ್ರೇನ್ ಕದ್ರು?” ಎಂದು ಲಿಯೊಕಾಡಿಯಾ ಕಟ್ಟೆಯಿಂದಲೇ ಕೇಳಿದಳು.

“ಕದಿಯೋದೆಲ್ಲಿ ಬಂತು ಲೋದ್ಯಕ್ಕ. ಇನ್ಯಾವುದೋ ಕೇಸಲ್ಲಿ ಲಕ್ಸೆಂಬರ್ಗಿನ ಯುರೋಪು ಕೋರ್ಟು ಹೇಳಿದಂಗೆ ಬರೆದ್ಬಿಟ್ರಂತೆ. ಹೊಸ ಕಾನೂನಲ್ಲಿ ನೇಮಕ ಆಗಿರೋ ಜಡ್ಜುಗಳು ಸರಿಯಾದ ಜಡ್ಜುಗಳೇ ಅಲ್ಲ ಅಂತ.”

“ಲಕ್ಸೆಂಬರ್ಗಿಗೂ ನಮ್ಮೂರಿಗೂ ಏನ್ ಸಂಬಂಧ?”

“ಯುರೋಪು ಒಕ್ಕೂಟಕ್ಕೆ ಸೇರ್ಕೊಂಡಾಗ ರುಜು ಹಾಕಿದೀವಲ್ಲ! ಈಗ ವಾರ್ಸಾದ ಸಂವಿಧಾನದ ಕೋರ್ಟು ಅನ್ನುತ್ತೆ, ರುಜು ಹಾಕಿರ್ಬೋದು, ಆದ್ರೆ ನಮ್ಮ ಸಂವಿಧಾನದ ತಲೆ ಮೇಲೆ ಇನ್ನೊಬ್ಬ ಯಜಮಾನ ಇಲ್ಲ. ನಮ್ಮ ಜಡ್ಜು ಯಾರು ಅಂತ ಹೇಳೋರು ನಾವು. ಅದನ್ನೂ ಬಿಟ್ಕೊಟ್ರೆ ನಾವು ಪೋಲೆಂಡಿನೋರೇ ಅಲ್ಲ ಅಂತ.”

“ನೀವೇನಂತೀರಿ?”

“ನಾನಾ? ಸಂಬಳ ಕೊಡೋರು ಏನಂತಾರೋ ಅದೇ.”

“ಒಂದೇ ಗೂಟಕ್ಕೆ ಎರಡು ಕೋಟು ಹಾಕಿದ್ರೆ ಅಡೀಲಿರೋದು ಸುಕ್ಕಾಗುತ್ತೆ ಜೆನೊನ್,” ಎಂದಳು ಅವಳು.

ಸೆವೆರಿನ್ ಇಬ್ಬರನ್ನೂ ನೋಡಿದ. “ಅದೆಲ್ಲ ಸರಿ. ನನ್ನ ಗೇಟು?” ಎಂದ.

ಆ ವಾರವೆಲ್ಲ ಕೋರ್ಟಿನ ಮುಂದೆ ಜನ. ಒಂದು ಕಡೆ ಪೋಲೆಂಡಿನ ಬಿಳಿ ಕೆಂಪು ಬಾವುಟ ಮಾತ್ರ, ಇನ್ನೊಂದು ಕಡೆ ಅದರ ಜೊತೆ ಯುರೋಪಿನ, ನೀಲಿಯ ಮೇಲೆ ನಕ್ಷತ್ರಗಳದೂ. ಇವರೂ ಕೂಗುತ್ತಿದ್ದದ್ದು ಸಂವಿಧಾನ ಉಳಿಯಲಿ ಎಂದು, ಅವರೂ ಕೂಗುತ್ತಿದ್ದದ್ದು ಅದನ್ನೇ. ಮಳೆ ಜೋರಾದಾಗ ಎರಡು ಕಡೆಯವರೂ ಒಳಗೆ ನುಗ್ಗಿ ಒದ್ದೆ ಕೋಟು ಕೊಟ್ಟರು. ನಲವತ್ತಮೂರು ಕೋಟು. ಅವುಗಳ ಜೇಬುಗಳಿಂದ ಒಂದೇ ಅಳತೆಯ ಸಂವಿಧಾನದ ಪುಸ್ತಕ ಇಣುಕುತ್ತಿದ್ದದ್ದನ್ನು ಲಿಯೊಕಾಡಿಯಾ ನೋಡಿದಳು. ಯಾರದು ಯಾವ ಕಡೆ ಎಂದು ಬಿಲ್ಲೆ ನೋಡದೆ ಹೇಳಲು ಅವಳಿಗೂ ಆಗುತ್ತಿರಲಿಲ್ಲ.

ಜಡ್ಜು ಬದಲಾದರೆ ಕೇಸು ಮೊದಲಿನಿಂದ ನಡೆಯಬೇಕು. ಅದು ಕಾನೂನು. ಹೊಸದಾಗಿ ಬಂದದ್ದು ಮೂವತ್ತಮೂರರ ಹುಡುಗ ಜಡ್ಜು, ಜೆನೊನ್ ಹೇಳಿದ ಆ ಹೊಸ ಕಾನೂನಿನಲ್ಲೇ ನೇಮಕವಾದವನು. ಹನ್ನೊಂದು ಸಾಕ್ಷಿಗಳಲ್ಲಿ ಇಬ್ಬರು ಅಷ್ಟರಲ್ಲಿ ಸತ್ತಿದ್ದರು. ಸೆವೆರಿನ್ ಎದ್ದು ನಿಂತು ಎಲ್ಲವನ್ನೂ ಮತ್ತೆ ಹೇಳಿದ, ಇಪ್ಪತ್ತೆರಡು ಸುತ್ತು, ತಂತಿ, ಮೂರು ಕಾಗದ. ಹುಡುಗನೂ ಚೆನ್ನಾಗಿಯೇ ಕೇಳಿದ. ಅದನ್ನು ಹೇಳಲೇಬೇಕು. ಓಲ್ಶಾನ್ಕಾಕ್ಕೆ ಹೋಗಿ ಆ ಹಿಡಿಕೆಯನ್ನು ತಾನೇ ತಿರುಗಿಸಿ ನೋಡಿ, ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡು ಬಂದಿದ್ದ.

2022ರ ಡಿಸೆಂಬರ್ ಇಪ್ಪತ್ತು, ಮಂಗಳವಾರ. ಲಿಯೊಕಾಡಿಯಾ ಕಟ್ಟೆಯನ್ನು ಜೆನೊನನಿಗೆ ಒಪ್ಪಿಸಿ ಮೇಲೆ ಹೋದಳು. ಹದಿನೆಂಟು ವರ್ಷದಲ್ಲಿ ಅವಳು ಹಾಗೆ ಹೋದದ್ದು ಅದೊಂದೇ ಸಲ. ಹುಡುಗ ಜಡ್ಜು ಹದ್ದಿನ ಪದಕದ ಸರಪಳಿಯನ್ನು ಕೊರಳಿಗೆ ಹಾಕಿಕೊಂಡು, ಪೋಲೆಂಡ್ ಗಣರಾಜ್ಯದ ಹೆಸರಿನಲ್ಲಿ ಎಂದು ಶುರು ಮಾಡಿದ. ಎಲ್ಲರೂ ನಿಂತಿದ್ದರು. ಗೇಟು ಇಳಿಸಲಾಗಿತ್ತು, ತಂತಿ ಜಾರಿತು, ಆರೋಪಿ ತಪ್ಪಿತಸ್ಥನಲ್ಲ. ಸೆವೆರಿನ್ ಅಲುಗಲಿಲ್ಲ. ಅವನ ಕಿವಿ ಮಾತ್ರ ಕೆಂಪಾಯಿತು.

ಕೆಳಗೆ ಬೊಗುಮಿಲಾ ಕೋಟಿಗೆಂದು ಬಂದವಳು ಬಿಲ್ಲೆ ಕೊಡದೆ ಹಾಗೇ ನಿಂತಳು. ಅವನೂ ಬಂದು ಎರಡು ಮೊಳ ದೂರದಲ್ಲಿ ನಿಂತ. ಕ್ರಿಸ್‌ಮಸ್ಸಿಗೆ ಐದು ದಿನ ಇತ್ತು. ಚರ್ಚಿನವರು ಹಂಚಿದ ರೊಟ್ಟಿಯ ಲಕೋಟೆ, ಹಪ್ಪಳಕ್ಕಿಂತ ತೆಳ್ಳಗಿನ ಬಿಳಿ ರೊಟ್ಟಿಗಳದ್ದು, ಲಿಯೊಕಾಡಿಯಾಳ ಹಲಗೆಯ ಮೇಲಿತ್ತು. ಹಬ್ಬದ ಹಿಂದಿನ ಸಂಜೆ ಅದನ್ನು ಒಬ್ಬರ ಕೈಯಿಂದ ಒಬ್ಬರು ಮುರಿದು ತಿಂದು ಹರಸುತ್ತಾರೆ. ಮುರಿದವರ ನಡುವೆ ಹಳೆಯದೇನೂ ಉಳಿಯಬಾರದು. ಬೊಗುಮಿಲಾಳ ಕಣ್ಣು ಆ ಲಕೋಟೆಯ ಮೇಲೆ ನಿಂತದ್ದನ್ನು ಕಂಡು, ಲಿಯೊಕಾಡಿಯಾ ಏನೂ ಕೇಳದೆ ಒಂದನ್ನು ತೆಗೆದು ಅವಳ ಕೈಗಿತ್ತಳು.

“ಹಬ್ಬ ಇನ್ನೂ ಬಂದಿಲ್ವಲ್ಲ,” ಎಂದ ಸೆವೆರಿನ್.

“ಹಬ್ಬದ ದಿನ ನಿನ್ನ ಮನೆವರ್ಗೂ ಬರೋಕೆ ನನ್ನ ಕಾಲು ಒಪ್ಪುತ್ತೋ ಇಲ್ವೋ. ಕೋರ್ಟು ಹೇಳ್ತಲ್ಲ. ಮುರಿ,” ಎಂದಳು ಬೊಗುಮಿಲಾ.

ಇಬ್ಬರೂ ಮುರಿದು ತಿಂದರು. ಜೆನೊನ್ ಆಚೆ ತಿರುಗಿ ನಿಂತಿದ್ದ.

ಸರ್ಕಾರಿ ವಕೀಲ ಅಪೀಲು ಹಾಕಿದ. ಮೇಲಿನ ಕೋರ್ಟಿನ ಮೂವರು ಜಡ್ಜುಗಳು 2023ರ ಸೆಪ್ಟೆಂಬರಿನಲ್ಲಿ ಕಡತ ತೆರೆದರು. ತಂತಿಯ ಮಾತಿಗೆ ಅವರು ಬರಲೇ ಇಲ್ಲ. ಕೆಳಗಿನ ಕೋರ್ಟಿನಲ್ಲಿ ತೀರ್ಪು ಕೊಟ್ಟವನ ನೇಮಕ ಯುರೋಪಿನ ಕಾನೂನಿಗೆ ಸಲ್ಲದು, ಅದು ಕೋರ್ಟೇ ಅಲ್ಲ, ಕೋರ್ಟಲ್ಲದ್ದು ಕೊಟ್ಟದ್ದು ತೀರ್ಪಲ್ಲ, ಮೊದಲಿನಿಂದ ನಡೆಸಿ ಎಂದರು. ಹಿಂದೆ ಹಿರಿಯ ಜಡ್ಜಮ್ಮನ ಕೆಲಸಕ್ಕೆ ಕುತ್ತು ತಂದ ಮಾತೇ ಈಗ ಸೆವೆರಿನ್‌ನ ತೀರ್ಪನ್ನು ತಿಂದುಹಾಕಿತು.

“ಇಬ್ರೂ ಒಳ್ಳೆಯವ್ರೇ,” ಎಂದ ಅವನು ಕೋಟು ಹಾಕಿಕೊಳ್ಳುತ್ತ. “ಆಯಮ್ಮನೂ ಒಳ್ಳೆಯವ್ರು, ಆ ಹುಡುಗನೂ ಒಳ್ಳೆಯವ್ನೇ. ಇಬ್ರೂ ನನ್ನ ಮಾತು ಕೇಳುದ್ರು. ಆಮೇಲೆ ಒಬ್ರನ್ನ ಅಮಾನತು ಅಂದ್ರು, ಇನ್ನೊಬ್ನು ಜಡ್ಜೇ ಅಲ್ಲ ಅಂದ್ರು.”

“ಮತ್ತೆ ಹೇಳಿದ್ರಾಯ್ತು ಬಿಡಿ,” ಎಂದಳು ಲಿಯೊಕಾಡಿಯಾ. ಹಾಗೆಂದದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು.

ಡಿಸೆಂಬರಿನಲ್ಲಿ ವಾಯಿದೆ ಇಲ್ಲದಿದ್ದರೂ ಬೊಗುಮಿಲಾ ಬಂದಳು. ಕೋಟು ಬಿಚ್ಚಲಿಲ್ಲ. ಸೆವೆರಿನ್ ಆ ದಿನ ಯಾವುದೋ ಕಾಗದದ ನಕಲು ಕೇಳಲು ಬಂದು ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವಳು ನೇರ ಅವನ ಹತ್ತಿರ ಹೋದಳು.

“ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಕುಲಿಗ್. ಆದ್ರೆ ನಾನು ರೊಟ್ಟಿ ಮುರಿದದ್ದು ತೀರ್ಪಿನ ಮೇಲೆ. ತೀರ್ಪೇ ಇಲ್ಲ ಅಂತ ಮನೆಗೆ ಕಾಗದ ಕಳ್ಸಿದಾರೆ. ನಾನು ಮುರಿದದ್ದೂ ಇಲ್ಲ ಅಂದ್ಕೋ.”

“ತಿಂದಾಗಿದೆಯಲ್ಲ, ಬೊಗುಮಿಲಾ.”

“ತಿಂದೆ. ಒಂದು ವರ್ಷ ಗೋರಿ ಹತ್ರ ಹೋದಾಗೆಲ್ಲ ತಂತಿ, ತಂತಿ ಅಂತ ಮಗಳಿಗೆ ಹೇಳ್ತಾ ಬಂದೆ. ಈಗ ಹೋಗಿ ಏನ್ ಹೇಳ್ಲಿ? ಸುಳ್ಳು ಹೇಳಿದ್ದೆ ಕಣೇ ಅನ್ಲಾ?” ಅವಳು ಲಿಯೊಕಾಡಿಯಾಳ ಕಡೆ ತಿರುಗಿದಳು. “ನೀವೂ ಅಷ್ಟೆ. ಯಾರು ಕೇಳಿದ್ರು ನಿಮ್ಮನ್ನ, ಲಕೋಟೆ ತೆಗೀರಿ ಅಂತ?”

ಯಾರೂ ಕೇಳಿರಲಿಲ್ಲ. ಅದಂತೂ ನಿಜ.

ಆ ಚಳಿಗಾಲದಲ್ಲಿ ಸರ್ಕಾರ ಬದಲಾಯಿತು. ಎಲ್ಲ ಸರಿ ಮಾಡುತ್ತೇವೆ ಎಂದರು. ಆದರೆ ಯಾರು ಜಡ್ಜು, ಯಾರು ಅಲ್ಲ ಎಂಬ ಜಗಳ ಇನ್ನಷ್ಟು ದಪ್ಪವಾಯಿತು. ಕೇಸು ಮೂರನೆಯ ಜಡ್ಜಿನ ಕೈಗೆ ಹೋಯಿತು. ಅವರು ತಮ್ಮ ನೇಮಕ ಸರಿಯೇ ಎಂದು ತಾವೇ ಮೇಲಕ್ಕೆ ಪತ್ರ ಬರೆದು ಉತ್ತರಕ್ಕೆ ಕಾದು ಕೂತರು. ಓಲ್ಶಾನ್ಕಾದ ಗೇಟಿಗೆ ಅಷ್ಟರಲ್ಲಿ ಕರೆಂಟಿನ ಗೇಟು ಬಂದು, ಗೂಡು ಕೆಡವಿದರು. ಸೆವೆರಿನ್ ಅಕ್ಕನ ಮನೆಯ ಹಿಂಬದಿಯ ಕೋಣೆಗೆ ಹೋದ. ಊರಿನ ಅಂಗಡಿಗೆ ಬೊಗುಮಿಲಾ ಬಂದರೆ ಅವನು ಸರತಿ ಬಿಟ್ಟು ಹೊರಗೆ ನಿಲ್ಲುತ್ತಿದ್ದ.

ಅವನು ಸತ್ತದ್ದು 2025ರ ಮಾರ್ಚ್ ಹನ್ನೊಂದರಂದು, ಅಕ್ಕನ ಅಂಗಳದಲ್ಲಿ ಸೌದೆ ಒಡೆಯುವಾಗ, ಎದೆಬಡಿತ ನಿಂತು. ಅರವತ್ತಮೂರು ವಯಸ್ಸು. ಆರೋಪಿ ಸತ್ತದ್ದರಿಂದ ಕೇಸು ಮುಚ್ಚಲಾಗಿದೆ ಎಂದು ಕೋರ್ಟು ಬರೆಯಿತು. ತಪ್ಪಿತಸ್ಥನೂ ಅಲ್ಲ, ನಿರಪರಾಧಿಯೂ ಅಲ್ಲ. ಆ ಕಾಗದಕ್ಕೆ ಯಾವ ಜಡ್ಜು ರುಜು ಹಾಕಿದರೆಂದಾಗಲಿ, ಅವರ ನೇಮಕ ಸರಿಯಿತ್ತೇ ಎಂದಾಗಲಿ ಯಾರೂ ತಕರಾರು ತೆಗೆಯಲಿಲ್ಲ. ಮಣ್ಣು ಮಾಡುವ ದಿನ ಬೊಗುಮಿಲಾ ಬಂದಿದ್ದಳು. ಸ್ಮಶಾನದ ಗೇಟಿನ ಕಂಬಿಯ ಆಚೆಯೇ ನಿಂತು ಹೋದಳು.

ಅದಕ್ಕೆ ಆರು ದಿನ ಮೊದಲು ಅವನು ಕೊನೆಯ ಸಲ ಕೋರ್ಟಿಗೆ ಬಂದಿದ್ದ. ಮೇಲೆ ಹೋಗಿ ಹತ್ತೇ ನಿಮಿಷಕ್ಕೆ ಇಳಿದು ಬಂದ. ದಿನಾಂಕ ಇಲ್ಲ ಎಂದರಂತೆ. ಲಿಯೊಕಾಡಿಯಾ ಏಳನೆಯ ಗೂಟದಿಂದ ಕೋಟು ತೆಗೆದು ಹಿಡಿದಳು. ಅವನು ಒಂದು ತೋಳು ತೂರಿಸಿ, ಇನ್ನೊಂದನ್ನು ತೂರಿಸದೆ ನಿಂತುಬಿಟ್ಟ. ಬಲಗೈ ಗಾಳಿಯಲ್ಲಿ ನಿಧಾನಕ್ಕೆ ಸುತ್ತುತ್ತಿತ್ತು, ಒಂದು, ಎರಡು, ಮೂರು.

“ಎಷ್ಟೋ ಸಲ ಹೇಳಿದೆ ಲೋದ್ಯಕ್ಕ. ಪೊಲೀಸ್ರಿಗೆ, ವಕೀಲಂಗೆ, ಆಯಮ್ಮಂಗೆ, ಆ ಹುಡುಗಂಗೆ. ಈಗ ಕಣ್ಣು ಮುಚ್ಚಿದ್ರೆ ನಾನು ಹೇಳ್ತಾ ನಿಂತಿರೋದು ಕಾಣುತ್ತೆ. ಹಿಡಿಕೆ ತಿರುಗ್ಸಿದ್ದು ಕಾಣ್ಸಲ್ಲ.”

ಅವಳು ಕೋಟು ಹಿಡಿದೇ ಇದ್ದಳು. ಅವನು ಅವಳ ಮುಖ ನೋಡಿದ.

“ನಾನು ಇಳಿಸಿದ್ದೆ, ಅಲ್ವಾ?”