ಅಣ್ಣನ ನಾಕಾ, ತಮ್ಮನ ಭಾಷಣ

ಇಚಲಕರಂಜಿಯ ಜಕಾತಿ ನಾಕಾದಲ್ಲಿ ನಮ್ಮ ಅಪ್ಪ ಕಾರಕೂನರಾಗಿದ್ದರು. ಅವರ ಸಾಮ್ರಾಜ್ಯವೆಂದರೆ ರಸ್ತೆಗೆ ಅಡ್ಡಲಾಗಿ ಒಂದು ಬಿದಿರಿನ ಗಳ, ತಗಡಿನ ಗೂಡು, ಸುಂಕದ ಪಾವತಿ ಚೀಟಿ ಹರಿದುಕೊಡುವ ಅಧಿಕಾರ. ಸುಂಕ ಕಟ್ಟದೆ ಊರೊಳಗೆ ಹೋಗುತ್ತಿದ್ದದ್ದು ಸೂರ್ಯನ ಬೆಳಕೊಂದೇ. ಮುನಸಿಪಾಲ್ಟಿ ಅದಕ್ಕೂ ದರ ಗೊತ್ತುಮಾಡಿದ್ದರೆ ಅಪ್ಪ ಬಿಡುತ್ತಿರಲಿಲ್ಲ.

ಹಿಂದೊಮ್ಮೆ ಅಜ್ಜಿ ಗಡಹಿಂಗ್ಲಜದ ಕಡೆಯ ಮಹಾಗಾಂವದಿಂದ ಬಸ್ಸು ಬದಲಿಸುತ್ತ ಬದಲಿಸುತ್ತ ತುಪ್ಪದ ಗಡಿಗೆ ತಂದಿದ್ದಳು. ಅಪ್ಪ ಅದನ್ನು ತೂಗಿಸಿ, ಪಾವತಿ ಹರಿದು, ಸುಂಕವನ್ನು ತಮ್ಮ ಜೇಬಿನಿಂದ ಕಟ್ಟಿದರು. ತುಪ್ಪ ಬಂದದ್ದು ಕಾಕಾನಿಗಾಗಿ. ಅವನು ಅಪ್ಪನ ತಮ್ಮ, ನಮ್ಮ ಮನೆಯಲ್ಲಿದ್ದು ಓದುತ್ತಿದ್ದವ, ಆಗಷ್ಟೇ ವಿಷಮಜ್ವರದಿಂದ ಎದ್ದು ಕಡ್ಡಿಯಾಗಿದ್ದ. ಆ ತುಪ್ಪ ತಿಂದು ಮನುಷ್ಯನಾದ, ಮುಂದೆ ವಕೀಲನಾಗಿ ಅದೇ ಊರಲ್ಲಿ ಬೇರೆ ಮನೆ ಹೂಡಿದ, ಅರವತ್ತರ ದಶಕದ ಒಂದು ಚುನಾವಣೆಯಲ್ಲಿ ವಿಧಾನಸಭೆಗೆ ಪಕ್ಷೇತರ ಉಮೇದುವಾರನೂ ಆದ.

ಕಾಕಾನ ಬೇಡಿಕೆಗಳು ಎರಡು. ಜಕಾತಿ ರದ್ದಾಗಬೇಕು, ಗಡಹಿಂಗ್ಲಜಕ್ಕೆ ನೇರ ಎಸ್.ಟಿ. ಬಸ್ಸು ಓಡಬೇಕು. ಬಸ್ಸಿಗೆ ಅಪ್ಪನ ತಕರಾರಿರಲಿಲ್ಲ. ಜಕಾತಿಯ ಮಾತು ಬಂದಾಗ ಮಾತ್ರ ನಮ್ಮ ಅಡುಗೆಮನೆಯಲ್ಲೇ ಅಧಿವೇಶನ ಕೂಡುತ್ತಿತ್ತು.

“ಜಕಾತಿ ನಿಂತ್ರ ಗಟಾರ ಬಳ್ಯಾವ್ರ ಪಗಾರ ಎಲ್ಲಿಂದ ಕೊಡ್ತೀಯೋ?”

“ನೂಲಿನ ಗಾಡಿ ತಾಸುಗಟ್ಲೆ ನಿನ್ನ ನಾಕಾದಾಗ ನಿಂತ್ರ ಮಗ್ಗ ಏನ್ ಗಾಳಿ ನೇಯಬೇಕೇನಣ್ಣಾ?”

“ಮದ್ಲ ಉಣ್ರಿ, ಆಮ್ಯಾಲೆ ರಾಜ್ಯ ಆಳೀರಂತ” ಎಂದು ಅವ್ವ ಇಬ್ಬರ ತಾಟಿಗೂ ರೊಟ್ಟಿ ಹಾಕುತ್ತಿದ್ದಳು.

ಮಗ್ಗದ ಕೆಲಸಗಾರರ ಸಭೆಗೆ ಅಪ್ಪನೂ ನಾನೂ ಹೋಗಿ ಹಿಂದೆ ನಿಂತೆವು. ಕಾಕಾ ಮರಾಠಿಯಲ್ಲಿ ಆರಂಭಿಸಿದ. ಚಪ್ಪಾಳೆ ಬೀಳದ್ದನ್ನು ಕಂಡು ಕನ್ನಡಕ್ಕೆ ಇಳಿದ.

“ಈ ನಾಕಾದಾಗ ಎಂಥಾವ್ರು ಕುಂತಾರ ಗೊತ್ತೈತೇನ್ರಿ? ಹಡೆದ ತಾಯಿ ತಂದ ತುಪ್ಪಕ್ಕೂ ಜಕಾತಿ ಹಾಕಿದಾವ್ರು.”

ಸಭೆ ನಕ್ಕಿತು. ಗುರುತಿನವರು ಹೊರಳಿ ಅಪ್ಪನನ್ನು ನೋಡಿದರು. ಅಪ್ಪನೂ ನಕ್ಕರು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಮರುದಿನ ಮುಂಜಾನೆ ಕಾಕಾ ಚಹಕ್ಕೆ ಬಂದ. “ಸಭಾದಾಗ ಹಂಗ ಮಾತಾಡಬೇಕಾಕ್ಕೈತಿ ಅಣ್ಣಾ.”

“ಆ ತುಪ್ಪ ಯಾರು ಉಂಡ್ರು ಅಂತನೂ ಹೇಳಬೇಕಿತ್ತಲ್ಲೋ.”

“ಹೇಳಿದ್ರ ಮಂದಿ ನಗ್ತಿರಲಿಲ್ಲ.”

ಅಪ್ಪ ಚಹದ ಬಶಿ ಕೆಳಗಿಟ್ಟು ನಾಕಾಕ್ಕೆ ಹೊರಟರು.

ಅಷ್ಟಾದರೂ ಮತದಾನದ ದಿನ ಅವ್ವನಿಗೂ ನನಗೂ “ತಕ್ಕಡಿಗೆ ಒತ್ರಿ” ಎಂದವರು ಅವರೇ. ತಕ್ಕಡಿ ಕಾಕಾನ ಗುರುತು. ಕಾಕಾ ಸೋತ, ಠೇವಣಿಯೂ ಅವನ ಕೈಬಿಟ್ಟಿತು. ನಾಕಾದಲ್ಲಿ ಗಾಡಿಯವರಿಗೆ ಹೇಳಿ ಅಣ್ಣನೇ ಮತ ತಪ್ಪಿಸಿದನೆಂದು ಯಾರೋ ಅವನ ಕಿವಿಯಲ್ಲಿ ಊದಿದರು. ಅವನು ನಂಬಿದ. ಹೆಂಡತಿಯ ತವರು ಗಡಹಿಂಗ್ಲಜಕ್ಕೆ ಸಂಸಾರ ಸಾಗಿಸಲು ಗಂಟು ಕಟ್ಟತೊಡಗಿದ. ಅವ್ವ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

“ನೀವು ಹೇಳೂದು ಬ್ಯಾಡ ವೈನಿ. ನನಗ ಮತಾ ಹಾಕೀನಿ ಅಂತ ಅಣ್ಣ ತನ್ನ ಬಾಯಿಲೆ ಹೇಳ್ಲಿ, ಗಂಟು ಬಿಚ್ಚತೀನಿ” ಎಂದನಂತೆ.

ಅವ್ವ ಓಡಿಬಂದು ಅಪ್ಪನಿಗೆ ತಿಳಿಸಿದಳು.

“ಮತಾ ಗುಪ್ತ ಇರಬೇಕಂತ ಕಾಯ್ದೆ ಐತಿ. ಹೇಳಾಕ ಬರೂದಿಲ್ಲ.”

“ಊರಿಗಲ್ರಿ, ತಮ್ಮಗ ಹೇಳೂದು.”

“ಕಾಯ್ದೆದಾಗ ತಮ್ಮಗಂತ ಬ್ಯಾರೆ ಕಲಂ ಇಲ್ಲ.”

ಕಾಯ್ದೆಯ ಬೆನ್ನಿಗೆ ಆ ಸಭೆಯ ನಗೆಯೂ ನಿಂತಿತ್ತೇನೋ. ಅಪ್ಪ ಅದನ್ನು ಒಪ್ಪುವವರಲ್ಲ. ಕಾಕಾನ ಸಾಮಾನಿನ ಗಾಡಿ ಇನ್ನೊಂದು ರಸ್ತೆಯಿಂದ, ನಾಕಾ ತಪ್ಪಿಸಿ ಹೋಯಿತು. ಆ ವರ್ಷ ದಸರೆಗೆ ಅವನು ಬನ್ನಿ ಕೊಡಲು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ.

ಗಡಹಿಂಗ್ಲಜದ ಬಸ್ಸು ಬಂತು, ಯಾರ ಆಶ್ವಾಸನೆಯೂ ಇಲ್ಲದೆ, ತಾನಾಗಿ. ಬಸ್ಸಿನ ಟಪ್ಪಿನ ಮೇಲಿನ ಸರಕು ನೋಡಲು ನಾಕಾದಲ್ಲಿ ಸಿಪಾಯಿಯಿದ್ದ. ಅಪ್ಪ ತಾವೇ ಒಳಗೆ ಹತ್ತುತ್ತಿದ್ದರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಒಂದು ಗಂಟನ್ನೂ ಮುಟ್ಟುತ್ತಿರಲಿಲ್ಲ. ಮುಖಗಳನ್ನು ನೋಡುತ್ತ ಕೊನೆಯ ಸೀಟಿನ ತನಕ ನಡೆದು, ಇಳಿದು ಬಂದು, “ಏನಿಲ್ಲ, ಬಿಡ್ರಿ” ಎಂದು ಗಳ ಎತ್ತಿಸುತ್ತಿದ್ದರು.

ಮನೆಗೆ ಬಂದ ಮೇಲೆ ಅವ್ವ ಕೇಳುತ್ತಿದ್ದಳು. “ಗಡಹಿಂಗ್ಲಜ ಗಾಡಿ ಬಂದಿತ್ತೇನ್ರಿ?”

“ಬಂದಿತ್ತು.”

“ಯಾರ್ ಬಂದಿದ್ರು?”

“ಮಂದಿ.”